ಊರಿನ ಲೆಕ್ಕ ಯಾರ ಮಾತಿನಲ್ಲಿ?



ದೌಲತಾಬಾದ್ ಎಂದೊಡನೆ ಹೊರಗಿನವರಿಗೆ ತುಘಲಕ್ ದೊರೆಯ ದೇವಗಿರಿ ನೆನಪಾಗುತ್ತದೆ. ಇಲ್ಲಿ ಹೇಳಹೊರಟಿರುವುದು ನಮ್ಮ ಕೊಡಂಗಲ್ ಸೀಮೆಯ ದೌಲತಾಬಾದಿನ ಮಾತು. ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳಂತೆ ಇದೂ 1956ರ ಅಕ್ಟೋಬರ್ 31ರ ರಾತ್ರಿ ಹೈದರಾಬಾದ್ ರಾಜ್ಯದ ಗುಲ್ಬರ್ಗಾ, ಬೀದರ್ ಜಿಲ್ಲೆಗಳಲ್ಲಿ ಮಲಗಿ, ಮರುದಿನ ಆಂಧ್ರಪ್ರದೇಶದಲ್ಲಿ ಎದ್ದ ನೆಲ. ಹೊಲ, ಬಾವಿ, ಬೀಗರು ಎಲ್ಲ ಇದ್ದಲ್ಲೇ ಇದ್ದರು. ಅರ್ಜಿ ಹಿಡಿದು ಹೋಗಬೇಕಾದ ಕಚೇರಿ ಮಾತ್ರ ಬೇರೆಯಾಯಿತು.

ಕೊಡಂಗಲ್ ತಾಲೂಕು ಮೆಹಬೂಬನಗರಕ್ಕೆ, ತಾಂಡೂರು ಹೈದರಾಬಾದ್ ಜಿಲ್ಲೆಗೆ, ನಾರಾಯಣಖೇಡ ತಾಲೂಕು ಮತ್ತು ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್ ಮೆದಕ್ ಜಿಲ್ಲೆಗೆ ಸೇರಿದವು. ಜಹೀರಾಬಾದ್ ತಾಲೂಕೂ ಮೆದಕಿಗೇ ಹೋಯಿತು. ಅದರ ನಿರ್ಣಾ ಸರ್ಕಲ್ ಒಂದು ಬೀದರಿನಲ್ಲಿ ಉಳಿಯಿತು. ಜನರನ್ನು ಕೇಳಿದ್ದರೇ ಎಂದು ತಾವು ಕೇಳಬಹುದು. ಫಜಲ್ ಅಲಿ ಆಯೋಗಕ್ಕೆ ದೇಶದ ಮೂಲೆಮೂಲೆಯಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿ, ಪತ್ರಗಳು ಬಂದಿದ್ದವು. ಆಯೋಗ 104 ಊರುಗಳಲ್ಲಿ ಸುಮಾರು 9,000 ಜನರ ಮಾತು ಕೇಳಿತ್ತು. ಅದು ಬೀದರ್ ಜಿಲ್ಲೆಯನ್ನು ಇಡಿಯಾಗಿ ಹೈದರಾಬಾದ್ ರಾಜ್ಯದಲ್ಲೇ ಇರಿಸಬೇಕೆಂದಿತ್ತು. ಕಾನೂನು ಬಂದಾಗ ಸರ್ಕಲ್ ಸರ್ಕಲ್ ಲೆಕ್ಕದಲ್ಲಿ ಜಿಲ್ಲೆ ಹಂಚಿಹೋಗಿತ್ತು. ಕೇಳುವುದು ಬೇರೆ, ಕೇಳಿದಂತೆ ನಡೆಯುವುದು ಬೇರೆ ಎಂಬುದು ಗಡಿಯವರಿಗೆ ಅಂದಿನಿಂದಲೂ ಗೊತ್ತು.

ಊರಿನ ಹಣದ ಕಥೆ ಇನ್ನೂ ಹಳೆಯದು. ನಿಜಾಮರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡಿನ ಪಟ್ಟಿ ಎತ್ತುತ್ತಿದ್ದರು. ರಸ್ತೆ, ಶಾಲೆ, ದವಾಖಾನೆ ಅದರಿಂದಲೇ ಆಗಬೇಕು. ಆಣೆ ಕೊಟ್ಟವನು ರೈತ. ಖರ್ಚು ನಿರ್ಧರಿಸುವ ಬೋರ್ಡಿನಲ್ಲಿ ಕೂತವರು ಅಧಿಕಾರಿಗಳು ಮತ್ತು ಅವರು ನೇಮಿಸಿದವರು. ಕಾಗದಪತ್ರವೆಲ್ಲ ಉರ್ದುವಿನಲ್ಲಿ. ತನ್ನ ಒಂದಾಣೆ ಯಾವ ರಸ್ತೆಗೆ ಹೋಯಿತೆಂದು ಕೇಳಲು ರೈತನಿಗೆ ಜಾಗವೂ ಇರಲಿಲ್ಲ, ಭಾಷೆಯೂ ಇರಲಿಲ್ಲ.

ಜಾಗ ಸಿಕ್ಕದ್ದು ಬಹಳ ತಡವಾಗಿ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು, 1994ರಲ್ಲಿ ಆಂಧ್ರಪ್ರದೇಶದ ಪಂಚಾಯತ್ ರಾಜ್ ಕಾಯಿದೆ ಆಯಿತು. ವರ್ಷದ ಲೆಕ್ಕ, ಆಡಿಟ್ ವರದಿ, ಬರುವ ವರ್ಷದ ಕಾಮಗಾರಿ, ಹೊಸ ತೆರಿಗೆಯ ಪ್ರಸ್ತಾಪ, ಇವೆಲ್ಲ ಗ್ರಾಮಸಭೆಯ ಮುಂದೆ ಬರಲೇಬೇಕೆಂದು ಅದು ಹೇಳಿತು. ತೆಲಂಗಾಣದ 2018ರ ಕಾಯಿದೆ ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ಕಡ್ಡಾಯ ಮಾಡಿತು. 500 ಜನರಿರುವ ತಾಂಡಾಗಳಿಗೂ ಸ್ವಂತ ಪಂಚಾಯತಿ ಬಂತು. ಬೀದಿ ದೀಪ ಎಷ್ಟು, ನಲ್ಲಿ ಯಾವ ಓಣಿಗೆ, ಮನೆಪಟ್ಟಿ ಏರಬೇಕೇ ಎಂಬುದನ್ನು ನೆರೆಮನೆಯವರೊಡನೆ ಕೂತು ಕೇಳುವ ಹಕ್ಕು ಇದು. ಸಣ್ಣದೆಂದು ತಿಳಿಯಬೇಡಿ. 2021-22ರಿಂದ 2025-26ರವರೆಗಿನ ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಗಳಿಗೇ ಮೀಸಲಾಗಿತ್ತು. ಆ ಹಣ ಯಾವ ಓಣಿಯ ಚರಂಡಿಗೆ ಎಂಬುದು ಊರಿನಲ್ಲೇ ತೀರ್ಮಾನವಾಗಬೇಕಾದ ಮಾತು. 2024ರ ಫೆಬ್ರವರಿಯಿಂದ 2025ರ ಡಿಸೆಂಬರಿನ ಚುನಾವಣೆಯವರೆಗೆ ಸರಪಂಚರಿಲ್ಲದೆ ವಿಶೇಷಾಧಿಕಾರಿಗಳೇ ಪಂಚಾಯತಿ ನಡೆಸಿದರು. ಸಹಿ ಹಾಕುವವರು ಇದ್ದರು, ಓಣಿಯಲ್ಲಿ ತಡೆದು ಕೇಳಬಹುದಾದವರು ಇರಲಿಲ್ಲ.

ಜಾಗವೇನೋ ಸಿಕ್ಕಿತು, ಭಾಷೆ? ಗಡಿಯ ನಮಗೆ ತೆಲುಗು ಬರುತ್ತದೆ; ಸಂತೆಗೆ, ಬಸ್ಸಿಗೆ, ಬೀಗರ ಮನೆಗೆ ಸಾಲುತ್ತದೆ. ‘ಆದಾಯ, ವ್ಯಯ, ಮಿಗುಲು’ ಎಂದು ಓದಿ ಮುಗಿಸುವಾಗ, ಮನೆಯಲ್ಲಿ ಕನ್ನಡವನ್ನೇ ಆಡುವ ಅಜ್ಜಿ ಎದ್ದು ಪ್ರಶ್ನೆ ಕೇಳುವಷ್ಟು ಸಾಲುತ್ತದೆಯೇ? ನನ್ನ ಮಟ್ಟಿಗೆ ಗಡಿ ಪಂಚಾಯತಿಯ ಮುಖ್ಯ ಪ್ರಶ್ನೆ ಇದೇ. ಅರ್ಥವಾಗದ ಲೆಕ್ಕಕ್ಕೆ ಒತ್ತಿದ ಹೆಬ್ಬೆಟ್ಟೂ ಒಪ್ಪಿಗೆಯೆಂದೇ ದಾಖಲಾಗುತ್ತದೆ.

ಗಡಿ ಎಳೆದವರಿಗೂ ಇದರ ಅರಿವಿತ್ತು. 1956ರಲ್ಲೇ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಂದು ಜ್ಞಾಪನಪತ್ರ ಹೊರಡಿಸಿತು. ಒಂದು ಪ್ರದೇಶದಲ್ಲಿ ನೂರಕ್ಕೆ 15ರಿಂದ 20 ಜನ ಬೇರೆ ಭಾಷೆಯವರಿದ್ದರೆ, ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸುವುದು ಒಳ್ಳೆಯದೆಂದು ಅದರಲ್ಲಿದೆ. ಸಲಹೆ ಅಷ್ಟೇ, ಕಾನೂನಲ್ಲ. ಕಟ್ಟಿನಲ್ಲೇ ಧೂಳು ತಿನ್ನುವ ಸಲಹೆಗಳು ಎಷ್ಟೆಂದು ತಾವು ಬಲ್ಲಿರಿ. ಆದರೆ ಸಂವಿಧಾನದ 350ನೇ ವಿಧಿ ಸಲಹೆಯಲ್ಲ. ಕುಂದುಕೊರತೆಯ ಮನವಿಯನ್ನು ಯಾವುದೇ ಅಧಿಕಾರಿಗೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಮುಂದೆ 350-ಬಿ ವಿಧಿಯಂತೆ 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಕಮಿಷನರ್ ಹುದ್ದೆಯೂ ಬಂತು.

2016ರ ಆಗಸ್ಟಿನಲ್ಲಿ ತೆಲಂಗಾಣ ಸರ್ಕಾರ ಹೊಸ ಜಿಲ್ಲೆಗಳ ಕರಡು ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಕೊಟ್ಟಿತು. ಅಕ್ಟೋಬರ್ 11ಕ್ಕೆ ದೌಲತಾಬಾದ್ ವಿಕಾರಾಬಾದ್ ಜಿಲ್ಲೆಗೆ ಸೇರಿತು. ಅರ್ಜಿ ಹಿಡಿದವರಿಗೆ ಗುಲ್ಬರ್ಗಾ, ಮೆಹಬೂಬನಗರಗಳ ನಂತರ ಇದು ಮೂರನೆಯ ಜಿಲ್ಲಾ ಕಚೇರಿ. ಆ 30 ದಿನಗಳು ಇದ್ದವೆಂದು ತಮ್ಮ ಓಣಿಯಲ್ಲಿ ಎಷ್ಟು ಮಂದಿಗೆ ತಿಳಿದಿತ್ತು, ಒಮ್ಮೆ ವಿಚಾರಿಸಿ ನೋಡಿ.

ಮುಂದಿನ ಗ್ರಾಮಸಭೆಯ ಡಂಗುರ ಬಿದ್ದಾಗ ಲೆಕ್ಕವನ್ನು ಕನ್ನಡದಲ್ಲೂ ಓದಿ ಹೇಳಲು ಕೇಳಿ. ಓದಬಲ್ಲ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ತಮ್ಮ ಬೇಡಿಕೆಯನ್ನು ಕನ್ನಡದಲ್ಲೇ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಕಾರ್ಯದರ್ಶಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಹಿತ ರುಜು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.