ಜ್ವರದ ಗನ್ ಮಿದುಳಿಗೆ ಕಿರಣ ಬಿಡುತ್ತದೆಯೇ?

ಇಲ್ಲ. ಕೊರೊನಾ ಕಾಲದಲ್ಲಿ ಓಡಾಡಿದ ಈ ಫಾರ್ವರ್ಡ್ ಸುಳ್ಳು. ನಮ್ಮ ಮೈಯೇ ಸೂಸುವ ಅವಕೆಂಪು ಕಿರಣವನ್ನು ಗನ್ ಅಳೆಯುತ್ತದೆ, ಅಷ್ಟೇ.

ಬೆಳಕು ಹಾಯಿಸಿ ಬಿಸಿ ಅಳೆಯುವ ವಿಧಾನ ಬೇರೆಯೇ ಇದೆ. ಅದಕ್ಕೆ ಬೇಕಾದದ್ದು ಫಾಸ್ಫರ್ ಪುಡಿ. ಟ್ಯೂಬ್‌ಲೈಟಿನ ಒಳಗಿನ ಬಿಳಿ ಲೇಪವೂ ಒಂದು ಫಾಸ್ಫರ್. ಎರ್ಬಿಯಂ ಬೆರೆಸಿದ ಫಾಸ್ಫರಿಗೆ ಲೇಸರ್ ಹಾಯಿಸಿದರೆ ಸುಮಾರು 525 ಮತ್ತು 550 ನ್ಯಾನೋಮೀಟರಿನ ಎರಡು ಹಸಿರು ಬೆಳಕು ಹೊಮ್ಮುತ್ತವೆ. ಬಿಸಿ ಏರಿದಂತೆ ಮೊದಲನೆಯದರ ಪಾಲು ಹೆಚ್ಚುತ್ತದೆ. ಆ ಅನುಪಾತದಿಂದ ಉಷ್ಣಾಂಶ ತಿಳಿಯುತ್ತದೆ. ತಿರುಗುವ ಟರ್ಬೈನಿನಂತೆ ತಂತಿ ಮುಟ್ಟಿಸಲಾಗದ ಕಡೆ ಫಾಸ್ಫರ್ ಲೇಪ ನೆರವಾಗುತ್ತದೆ.

ಇಂಥ ಪುಡಿ ತಯಾರಿಸುವ ಒಂದು ಸುಲಭ ದಾರಿ ನಮ್ಮ ಬೆಂಗಳೂರಿನದು: ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಸಹೋದ್ಯೋಗಿಯೊಡನೆ 1988ರಲ್ಲಿ ಪ್ರಕಟಿಸಿದ ದಹನ ವಿಧಾನ. ದಾವಣಗೆರೆ ಬಳಿಯ ಲೋಕಿಕೆರೆಯ ರೈತರಿಗೂ ಗೊತ್ತಿರುವ ಯೂರಿಯಾವೇ ಅದರಲ್ಲಿ ಇಂಧನ.

ಹಾಗಾಗಿ ಹೆದರದೆ ಮಗುವಿನ ಜ್ವರ ನೋಡಿ. ಆ ಸಂದೇಶವನ್ನು ಮುಂದೆ ಕಳಿಸಬೇಡಿ.