ಇರುವೆಯ ಸೊಂಟಕ್ಕೆ ಕಟ್ಟಿದ ದಾರ

ಗೋಡೆಯ ಮೇಲಿನ ಗುಂಡಿಯನ್ನು ಒತ್ತುತ್ತೇವೆ, ದೀಪ ಹತ್ತುತ್ತದೆ. ಗುಂಡಿಗೂ ದೀಪಕ್ಕೂ ನಡುವೆ ತಂತಿಯೊಂದು ಇದೆಯೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಆದರೆ ಬೆಳಕಿಲ್ಲದ, ಕೈ ನುಗ್ಗದ, ಕಣ್ಣಿಗೆ ಕಾಣದ ಆ ದಾರಿಯಲ್ಲಿ ತಂತಿ ಹೇಗೆ ಸಾಗಿತೆಂದು ಕೇಳುವವರು ವಿರಳ. ಅಟ್ಟದ ಮೇಲೆ, ಗೋಡೆಯ ಒಳಗೆ, ನೆಲದ ಅಡಿಯಲ್ಲಿ ತಂತಿಯನ್ನು ಹಾಯಿಸುವ ಸಲಕರಣೆಗಳಿಗೂ ಒಂದು ಇತಿಹಾಸವಿದೆ. ಅರಸರ ವಂಶಾವಳಿಯಂತೆ ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಿಲ್ಲ. ಅದು ಒಂದಷ್ಟು ಪುರಾಣಗಳಲ್ಲಿ, ಒಂದಷ್ಟು ಕಾನೂನಿನ ಪುಟಗಳಲ್ಲಿ, ಇನ್ನೊಂದಷ್ಟು ಕೆಲಸಗಾರರ ಕೈಚೀಲಗಳಲ್ಲಿ ಚೆದುರಿಕೊಂಡಿದೆ. ಆ ಚೂರುಗಳನ್ನು ಒಂದೆಡೆ ಕೂಡಿಸಿ ನೋಡುವುದಷ್ಟೇ ನನ್ನ ಈ ಮಾತಿನ ಉದ್ದೇಶ.

ಮೊದಲಿಗೆ ಗ್ರೀಕರ ಕಥೆ. ಕ್ರೀಟ್ ದ್ವೀಪದ ಮಹಾಶಿಲ್ಪಿ ಡೀಡಲಸ್ ಅರಸ ಮೈನಾಸನ ಸೆರೆಯಿಂದ ತಪ್ಪಿಸಿಕೊಂಡು ಸಿಸಿಲಿಯ ಕೊಕಲಸ್ ಎಂಬ ದೊರೆಯ ಆಶ್ರಯದಲ್ಲಿ ಅಡಗಿರುತ್ತಾನೆ. ಅವನನ್ನು ಹುಡುಕುತ್ತ ಹೊರಟ ಮೈನಾಸ್ ಹೋದಲ್ಲೆಲ್ಲ ಸುರುಳಿಯಾದ ಶಂಖವೊಂದನ್ನು ಮುಂದಿಟ್ಟು, ಇದರೊಳಗೆ ದಾರ ಪೋಣಿಸಿದವರಿಗೆ ಬಹುಮಾನ ಕೊಡುವೆನೆಂದು ಸಾರುತ್ತಾನೆ. ಕೊಕಲಸ್ ಆ ಶಂಖವನ್ನು ಒಳಗೆ ಒಯ್ದು ಡೀಡಲಸನಿಗೆ ಕೊಡುತ್ತಾನೆ. ಅವನು ಶಂಖದ ತುದಿಯಲ್ಲಿ ಸಣ್ಣ ರಂಧ್ರ ಕೊರೆದು, ಇರುವೆಯೊಂದಕ್ಕೆ ದಾರ ಕಟ್ಟಿ ಒಳಗೆ ಬಿಡುತ್ತಾನೆ. ಇರುವೆ ಸುರುಳಿಗಳನ್ನೆಲ್ಲ ಸುತ್ತಿ ಹೊರಬರುತ್ತದೆ. ಪೋಣಿಸಿದ ಶಂಖವನ್ನು ಕಂಡೊಡನೆ ಮೈನಾಸನಿಗೆ ಡೀಡಲಸ್ ಅಲ್ಲಿಯೇ ಇದ್ದಾನೆಂದು ಗೊತ್ತಾಗುತ್ತದೆ. ಲೋಕದಲ್ಲಿ ಆ ಉಪಾಯ ಹೊಳೆಯಬಲ್ಲದ್ದು ಒಂದೇ ತಲೆಗೆ ಎಂದು ಅವನ ನಂಬಿಕೆ.

ಅವನ ಲೆಕ್ಕ ಪೂರ್ತಿ ಸರಿಯಲ್ಲವೆಂದು ಜಪಾನಿನ ಸಾಹಿತ್ಯ ಹೇಳುತ್ತದೆ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಅಲ್ಲಿನ ರಾಣಿವಾಸದಲ್ಲಿದ್ದ ಸೇಯ್ ಶೋನಗೊನ್ ಎಂಬಾಕೆ ಬರೆದ 'ದಿಂಬಿನ ಪುಸ್ತಕ'ದಲ್ಲಿ ಇದೇ ಉಪಾಯ ಬೇರೊಂದು ವೇಷದಲ್ಲಿ ಬರುತ್ತದೆ. ಮುದುಕರನ್ನು ಕಂಡರಾಗದ ಚಕ್ರವರ್ತಿಯೊಬ್ಬನ ರಾಜ್ಯದಲ್ಲಿ ಅಧಿಕಾರಿಯೊಬ್ಬ ತನ್ನ ವೃದ್ಧ ತಂದೆತಾಯಿಗಳನ್ನು ನೆಲದಡಿಯ ಕೋಣೆಯಲ್ಲಿ ಬಚ್ಚಿಟ್ಟಿರುತ್ತಾನೆ. ಚೀನಾದ ದೊರೆ ಏಳು ತಿರುವುಗಳ ರಂಧ್ರವುಳ್ಳ ಮಣಿಯೊಂದನ್ನು ಕಳುಹಿಸಿ, ಇದಕ್ಕೆ ದಾರ ಪೋಣಿಸಿ ನೋಡೋಣ ಎಂದು ಸವಾಲು ಹಾಕುತ್ತಾನೆ. ಆಸ್ಥಾನದ ಜಾಣರೆಲ್ಲ ಸೋಲುತ್ತಾರೆ. ನೆಲದಡಿಯ ಮುದುಕ ದಾರಿ ಹೇಳಿಕೊಡುತ್ತಾನೆ: ದೊಡ್ಡ ಇರುವೆಯ ಸೊಂಟಕ್ಕೆ ಸಣ್ಣ ದಾರ ಕಟ್ಟು, ಅದರ ಬಾಲಕ್ಕೆ ಸ್ವಲ್ಪ ದಪ್ಪನೆಯ ದಾರ ಕಟ್ಟು, ಆಚೆಯ ಬಾಯಿಗೆ ಜೇನು ಸವರು. ಮಣಿ ಪೋಣಿಸಲ್ಪಡುತ್ತದೆ, ಮುದುಕರ ಮೇಲಿನ ನಿಷೇಧವೂ ತೊಲಗುತ್ತದೆ.

ಮೂರನೆಯದು ನಮ್ಮ ನೆಲದ ಕಥೆ. 1896ರಲ್ಲಿ ಪ್ರಕಟವಾದ ತಮ್ಮ 'ರಾಜಯೋಗ'ದಲ್ಲಿ ಸ್ವಾಮಿ ವಿವೇಕಾನಂದರು ಇದನ್ನು ಹೇಳುತ್ತಾರೆ. ರಾಜನ ಕೋಪಕ್ಕೆ ಗುರಿಯಾದ ಮಂತ್ರಿಯೊಬ್ಬ ಎತ್ತರದ ಗೋಪುರದ ತುದಿಯಲ್ಲಿ ಬಂದಿಯಾಗಿದ್ದಾನೆ. ಅವನ ಹೆಂಡತಿ ರಾತ್ರಿಯಲ್ಲಿ ಬಂದು ಜೀರುಂಡೆಗೆ ರೇಷ್ಮೆಯ ಎಳೆಯನ್ನು ಕಟ್ಟಿ, ಅದರ ಮೀಸೆಗೆ ಜೇನು ಸವರಿ, ತಲೆ ಮೇಲಾಗುವಂತೆ ಗೋಡೆಯ ಮೇಲೆ ಬಿಡುತ್ತಾಳೆ. ಮುಂದೆಲ್ಲೋ ಜೇನಿದೆಯೆಂಬ ಭ್ರಮೆಯಿಂದ ಜೀರುಂಡೆ ಹತ್ತುತ್ತ ಹೋಗುತ್ತದೆ. ರೇಷ್ಮೆಯ ಎಳೆ ನೂಲನ್ನು ಎಳೆಯುತ್ತದೆ, ನೂಲು ಹುರಿಯನ್ನು, ಹುರಿ ಹಗ್ಗವನ್ನು. ಹಗ್ಗ ಹಿಡಿದು ಮಂತ್ರಿ ಕೆಳಗಿಳಿಯುತ್ತಾನೆ. ವಿವೇಕಾನಂದರಿಗೆ ಇದು ಉಸಿರಿನ ಮೂಲಕ ಪ್ರಾಣವನ್ನು ಹಿಡಿಯುವ ಸಾಧನೆಗೆ ದೃಷ್ಟಾಂತ. ಕೆಲಸಗಾರನೊಬ್ಬನು ಇದನ್ನು ಕೇಳಿದರೆ ತನ್ನ ಕಸುಬಿನ ಮೊದಲ ಪಾಠವೆಂದು ತಲೆದೂಗಿಯಾನು. ದಪ್ಪನೆಯದು ದಪ್ಪನೆಯದಾಗಿಯೇ ಇಕ್ಕಟ್ಟಿನೊಳಗೆ ಹೋಗಲಾರದು. ತೆಳ್ಳಗಿನದನ್ನು ಮೊದಲು ಕಳುಹಿಸಿ, ಅದರ ಬೆನ್ನಿಗೆ ದಪ್ಪನೆಯದನ್ನು ಎಳೆಯಬೇಕು. ಎರಡೂವರೆ ಸಾವಿರ ಮೈಲಿ ದೂರದ ಕೇಬಲ್ಲಾಗಲಿ, ಎರಡೂವರೆ ಗಜದ ದೀಪದ ತಂತಿಯಾಗಲಿ, ಕೊಳವೆಯೊಳಗೆ ಹಾಯಬೇಕಾದಾಗ ಅನುಸರಿಸುವುದು ಈ ಒಂದೇ ನಿಯಮವನ್ನು.

ಈ ಮೂರು ಕಥೆಗಳಲ್ಲಿಯೂ ಇನ್ನೊಂದು ಸಮಾನಾಂಶವಿದೆ. ಕತ್ತಲೆಯೊಳಗೆ ಮೊದಲು ಹೋಗುವುದು ಒಂದು ಜೀವ. ಕಥೆಯಲ್ಲಿ ಅದು ಇರುವೆ, ಜೀರುಂಡೆ. ಚರಿತ್ರೆಯಲ್ಲಿ ಅದು ಅನೇಕ ವೇಳೆ ಮನುಷ್ಯನ ಮಗು.

ಇಂಗ್ಲೆಂಡಿನ ಹೊಗೆಗೂಡುಗಳ ವೃತ್ತಾಂತ ಸಾಹಿತ್ಯದ ಓದುಗರಿಗೆ ಅಪರಿಚಿತವಲ್ಲ. ಬ್ಲೇಕ್ ಕವಿ 1789ರಲ್ಲೂ ಮತ್ತೆ 1794ರಲ್ಲೂ ಹೊಗೆಗೂಡು ಗುಡಿಸುವ ಹುಡುಗರನ್ನು ಕುರಿತು ಕವನ ಬರೆದ. ಒಂಬತ್ತು ಅಂಗುಲ ಅಗಲ, ಹದಿನಾಲ್ಕು ಅಂಗುಲ ಉದ್ದದ ಗೂಡಿನೊಳಗೆ, ಕೆಲವೊಮ್ಮೆ ಅದಕ್ಕಿಂತ ಕಿರಿದಾದ ಗೂಡಿನೊಳಗೆ, ಆರೇಳು ವರ್ಷದ ಹುಡುಗರು ಮೊಳಕೈ ಮೊಳಕಾಲುಗಳನ್ನು ಊರಿ ಹತ್ತುತ್ತಿದ್ದರು. ಚರ್ಮ ಗಟ್ಟಿಯಾಗಲೆಂದು ಅವರ ಮೊಳಕಾಲಿಗೆ ಉಪ್ಪುನೀರು ತಿಕ್ಕಿ ಬೆಂಕಿಯ ಮುಂದೆ ನಿಲ್ಲಿಸುವ ಪದ್ಧತಿಯಿತ್ತು. ಸಿಕ್ಕಿಕೊಂಡವರು ಉಸಿರುಗಟ್ಟಿ ಸಾಯುತ್ತಿದ್ದರು.

ಇದಕ್ಕೆ ಪರ್ಯಾಯ ಇರಲಿಲ್ಲವೇ? ಇತ್ತು. 1803ರಲ್ಲಿ ಜಾರ್ಜ್ ಸ್ಮಾರ್ಟ್ ಎಂಬಾತ ಪೊಳ್ಳು ಕೋಲುಗಳನ್ನು ಹಗ್ಗದಿಂದ ಬಿಗಿದು ತುದಿಗೆ ಕುಂಚ ಸಿಕ್ಕಿಸಿದ ಯಂತ್ರವನ್ನು ತಯಾರಿಸಿದ. 1828ರಲ್ಲಿ ಬ್ರಿಸ್ಟಲಿನ ಜೋಸೆಫ್ ಗ್ಲಾಸ್ ಅದನ್ನು ಸುಧಾರಿಸಿ, ಬಾಗುವ ಬೆತ್ತದ ತುಂಡುಗಳಿಗೆ ಹಿತ್ತಾಳೆಯ ತಿರುಪು ಜೋಡಿಸಿ, ಒಂದಕ್ಕೊಂದು ಕೂಡಿಸುತ್ತ ಮೇಲಕ್ಕೆ ತಳ್ಳುವ ಸಾಧನವನ್ನು ಕೊಟ್ಟ. ಇಂದು ಚರಂಡಿ ಬಿಡಿಸುವವನ ಕೋಲೂ, ಅಟ್ಟದ ಉದ್ದಕ್ಕೂ ತಂತಿ ತಳ್ಳುವವನ ಕೋಲೂ ರಚನೆಯಲ್ಲಿ ಈ ಬೆತ್ತಕ್ಕೆ ಸೋದರರೇ. ಸಲಕರಣೆ ಹೀಗೆ ಸಿದ್ಧವಾಗಿತ್ತು, ಬೆಲೆಯೂ ದುಬಾರಿಯಲ್ಲ. ಆದರೂ ಹುಡುಗರು ಹತ್ತುತ್ತಲೇ ಇದ್ದರು. ಯಂತ್ರ ತಿರುವುಗಳಲ್ಲಿ ಹೋಗದು, ಕೋಣೆಯ ಜಮಖಾನ ಮಸಿಯಾಗುತ್ತದೆ ಎಂಬುವು ಮನೆಯವರ ಆಕ್ಷೇಪಗಳು. ಹುಡುಗರ ಪರವಾದ ಮಸೂದೆಗಳು ಕೆಳಮನೆಯಲ್ಲಿ ಗೆದ್ದು ಪ್ರಭುಗಳ ಸಭೆಯಲ್ಲಿ ಸೋತವು. 1834ರಲ್ಲಿ, 1840ರಲ್ಲಿ, 1864ರಲ್ಲಿ ಕಾನೂನುಗಳಾದವು; ಪಾಲಿಸಿದವರು ಕಡಿಮೆ. 1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸಿಕ್ಕಿ ಸತ್ತ. ಲಾರ್ಡ್ ಶಾಫ್ಟ್‌ಸ್‌ಬರಿ ಪಟ್ಟುಹಿಡಿದು ಅದೇ ವರ್ಷ ತಂದ ಕಾನೂನು, ಗುಡಿಸುವ ಯಜಮಾನರೆಲ್ಲ ಪೊಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಆಗ ಹುಡುಗರು ಕೆಳಗಿಳಿದರು. ಮೊದಲ ಯಂತ್ರಕ್ಕೂ ಆ ಕಾನೂನಿಗೂ ನಡುವೆ 72 ವರ್ಷಗಳ ಅಂತರ. ಆ ಅವಧಿಯಲ್ಲಿ ಕೊರತೆಯಾದದ್ದು ಬುದ್ಧಿಯಲ್ಲ ಎಂಬುದನ್ನು ನಾವು ನೆನಪಿಡಬೇಕು.

ತಂತಿಗಳ ಯುಗ ಬಂದಾಗ ಈ ಕೋಲಿಗೆ ಹೊಸ ಕೆಲಸ ದೊರಕಿತು. 1888ರ ಮಾರ್ಚ್ ತಿಂಗಳ ಹಿಮಗಾಳಿ ನ್ಯೂಯಾರ್ಕಿನ ಕಂಬಗಳನ್ನು ಉರುಳಿಸಿದ ಮೇಲೆ, ನಗರದ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ಚುರುಕಾಯಿತು. ಮೊದಲು ಖಾಲಿ ಕೊಳವೆಗಳನ್ನು ಹೂಳುವುದು, ಬೇಕಾದಾಗ ಒಳಗೆ ಕೇಬಲ್ ಎಳೆಯುವುದು ಎಂಬ ಕ್ರಮ ರೂಢಿಗೆ ಬಂತು. ಒಂದು ಗುಂಡಿಯಲ್ಲಿ ಇಳಿದು ನಿಂತವನು ಮೂರು ನಾಲ್ಕು ಅಡಿಯ ಮರದ ಕೋಲುಗಳನ್ನು ಒಂದರ ಹಿಂದೊಂದು ಕೂಡಿಸುತ್ತ ಮುಂದಿನ ಗುಂಡಿಯವರೆಗೆ ತಳ್ಳುತ್ತಿದ್ದ. ಕೋಲಿನ ಬಾಲಕ್ಕೆ ತಂತಿ, ತಂತಿಯ ಬಾಲಕ್ಕೆ ಹಗ್ಗ, ಹಗ್ಗದ ಬಾಲಕ್ಕೆ ಕೇಬಲ್. ಮಂತ್ರಿಯ ಹೆಂಡತಿ ಕಂಡಿದ್ದರೆ ನಕ್ಕಾಳು.

ಮನೆಗಳ ಒಳಗಿನ ಸಮಸ್ಯೆ ಬೇರೆ. ಅಮೆರಿಕದ ಮನೆಗಳು ಬಹುಪಾಲು ಮರದ ಚೌಕಟ್ಟಿನವು, ಗೋಡೆ ಪೊಳ್ಳು. ವಿದ್ಯುತ್ತು ಬಂದಾಗ ಗೋಡೆಯನ್ನು ಒಡೆಯದೆ ಈ ಪೊಳ್ಳಿನಲ್ಲಿ ತಂತಿ ಇಳಿಸುವುದೇ ಒಂದು ಕಲೆಯಾಯಿತು. ಅಟ್ಟದಿಂದ ಸಣ್ಣ ತೂಕ ಕಟ್ಟಿದ ದಾರವನ್ನು ಇಳಿಬಿಟ್ಟು, ಕೆಳಗಿನ ರಂಧ್ರದಲ್ಲಿ ಕೊಕ್ಕೆ ಹಾಕಿ ಹಿಡಿಯುತ್ತಿದ್ದರು. ಆ ತೂಕಕ್ಕೆ ಅವರಿಟ್ಟ ಹೆಸರು ಇಲಿ; ಕೆಲಸಕ್ಕೆ ಇಟ್ಟ ಹೆಸರು ಮೀನು ಹಿಡಿಯುವುದು. ಹದಗೊಳಿಸಿದ ಉಕ್ಕಿನ ಚಪ್ಪಟೆ ಪಟ್ಟಿಯನ್ನು ಸುರುಳಿ ಸುತ್ತಿಟ್ಟು, ತುದಿಯಲ್ಲಿ ಕೊಕ್ಕೆ ಮಾಡಿ ಬಳಸುವ ಸಲಕರಣೆಗೆ ಇಂದಿಗೂ ಅಲ್ಲಿ ಮೀನಿನ ಹೆಸರೇ ಇದೆ. ಈ ಪಟ್ಟಿಯ ಗುಣ ಎರಡು ವಿರೋಧಗಳ ಸಂಧಿ: ತಳ್ಳಿದರೆ ಮಡಿಸಿಕೊಳ್ಳದಷ್ಟು ಬಿಗಿ, ತಿರುವಿನಲ್ಲಿ ಮುರಿಯದಷ್ಟು ಬಾಗು.

ತಿರುವು ಎಂದೆ. ಈ ಕಸುಬಿನ ನಿಜವಾದ ವೈರಿ ದೂರವಲ್ಲ, ತಿರುವು. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟಂತೆ, ತಿರುವಿನಲ್ಲಿ ಹಗ್ಗದ ಎಳೆತ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಘರ್ಷಣೆಯ ಗುಣಾಂಕ 0.5 ಎಂದಿಟ್ಟುಕೊಂಡರೆ, ಒಂದು ಮೂಲೆ ತಿರುಗುವಷ್ಟರಲ್ಲಿ ಬೇಕಾದ ಬಲ ಎರಡು ಪಟ್ಟನ್ನು ಮೀರುತ್ತದೆ. ನಾಲ್ಕು ಮೂಲೆಗಳಾದರೆ ಸುಮಾರು 23 ಪಟ್ಟಾಗುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ ಎರಡು ಪೆಟ್ಟಿಗೆಗಳ ನಡುವಿನ ಕೊಳವೆಗೆ ನಾಲ್ಕು ಮೂಲೆಗಳಿಗಿಂತ ಹೆಚ್ಚು ಕೂಡದೆಂದು ಕಟ್ಟುಮಾಡಿದೆ. ಏಳು ತಿರುವಿನ ಮಣಿಯನ್ನು ಕಳುಹಿಸಿದ ಚೀನೀ ದೊರೆಗೆ ಈ ಲೆಕ್ಕದ ಸುಳಿವು ಹೇಗೋ ಇದ್ದಂತಿದೆ.

ನಮ್ಮ ನಾಡಿನ ಅನುಭವ ಇನ್ನೊಂದು ಬಗೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದರೆ ಇಟ್ಟಿಗೆಯ, ಕಲ್ಲಿನ, ಮಣ್ಣಿನ ನಮ್ಮ ಗೋಡೆಗಳಲ್ಲಿ ಪೊಳ್ಳೆಂಬುದಿಲ್ಲ. ಮೀನು ಹಿಡಿಯಲು ಕೊಳವೇ ಇಲ್ಲ. ಹಾಗಾಗಿ ತಂತಿ ಗೋಡೆಯ ಹೊರಗೆ, ಎರಡು ಗಾಡಿ ಕೊರೆದ ತೇಗದ ಪಟ್ಟಿಯಲ್ಲಿ ಮಲಗಿ, ಮೇಲೊಂದು ಮುಚ್ಚಳ ಹೊದ್ದು ಸಾಗಿತು. ಹಳೆಯ ಮನೆಗಳಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಆ ಪಟ್ಟಿಗಳನ್ನು. ಮೂಲೆಗಳಲ್ಲಿ ಬಡಗಿ ಅದನ್ನು ಕೂಡಿಸಿದ ಅಂದವನ್ನು ನೋಡಿದರೆ, ತಂತಿಯನ್ನು ಮುಚ್ಚಿಡುವುದಕ್ಕಿಂತ ಮೆರೆಸುವುದೇ ಅವನ ಇಷ್ಟವಾಗಿತ್ತೋ ಎನಿಸುತ್ತದೆ. ಕಾಂಕ್ರೀಟಿನ ಛಾವಣಿ ಬಂದ ಮೇಲೆ, ಕಬ್ಬಿಣದ ಸರಳುಗಳ ನಡುವೆ ಕೊಳವೆ ಮಲಗಿಸಿ ಗಾರೆ ಸುರಿಯುವ ಕ್ರಮ ಬಂತು. ಆಗ ನಮ್ಮ ಕೆಲಸಗಾರನ ಕೈಗೂ ಉಕ್ಕಿನ ತಂತಿಯ ಸುರುಳಿ ಬಂತು.

ಇಷ್ಟಾದರೂ ಜೀವವನ್ನು ಮುಂದೆ ಬಿಡುವ ಹಳೆಯ ಚಾಳಿ ಪೂರ್ತಿ ಹೋಗಲಿಲ್ಲ. 1971ರಲ್ಲಿ ಚಿಕಾಗೋ ಬಳಿಯ ಬಟಾವಿಯಾದಲ್ಲಿ, ಪರಮಾಣುವಿನ ಗರ್ಭವನ್ನು ಶೋಧಿಸುವ ದೈತ್ಯ ಯಂತ್ರವನ್ನು ಕಟ್ಟುತ್ತಿದ್ದ ವಿಜ್ಞಾನಿಗಳಿಗೆ ಕೊಳವೆಗಳೊಳಗಿನ ಲೋಹದ ಚೂರುಗಳು ಕಂಟಕವಾದವು. ಕೊನೆಗೆ ಅವರು ಮೊರೆಹೊಕ್ಕದ್ದು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪುಟ್ಟ ಪ್ರಾಣಿಯನ್ನು. ಫೆಲಿಸಿಯಾ ಎಂಬ ಆ ಹೆಣ್ಣು ಫೆರೆಟ್ ಕೊರಳಪಟ್ಟಿಗೆ ದಾರ ಕಟ್ಟಿಸಿಕೊಂಡು ಕೊಳವೆಯಲ್ಲಿ ಓಡುತ್ತಿತ್ತು; ಆ ದಾರದಿಂದ ದ್ರಾವಣದಲ್ಲಿ ನೆನೆಸಿದ ಅರಿವೆಯನ್ನು ಎಳೆದು ಕೊಳವೆಯನ್ನು ಒರೆಸುತ್ತಿದ್ದರು. ನಾಲ್ಕು ಮೈಲಿಯ ಮುಖ್ಯ ವರ್ತುಲವನ್ನು ಹೊಗಲು ಮಾತ್ರ ಫೆಲಿಸಿಯಾ ಒಪ್ಪಲಿಲ್ಲ; ಯಾರೂ ಬಲವಂತ ಮಾಡಲಿಲ್ಲ. ಎಂಜಿನಿಯರ್ ಹ್ಯಾನ್ಸ್ ಕೌಟ್ಸ್ಕಿ ಒತ್ತಿದ ಗಾಳಿಯಿಂದ ಓಡುವ, ಅಯಸ್ಕಾಂತ ಹೊತ್ತ ಸಾಧನವನ್ನು ರಚಿಸಿದ ಮೇಲೆ ಅದಕ್ಕೆ ನಿವೃತ್ತಿಯಾಯಿತು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಎಳೆಗಳನ್ನು ಕೊಳವೆಯೊಳಗೆ ಗಾಳಿಯಿಂದಲೇ ಊದುವ ವಿಧಾನ ರೂಪುಗೊಂಡಿತು. ಅಲ್ಲಿ ಎಳೆಯುವ ದಾರವೂ ಬೇಡ.

ಒಂದು ಪುಟ್ಟ ಪ್ರಾಣಿಯ ಹಿಂಜರಿಕೆಗೆ ಸಿಕ್ಕ ಈ ಮನ್ನಣೆಯನ್ನು ಓದಿದಾಗ ನನ್ನ ಮನಸ್ಸು ನಮ್ಮ ಊರುಗಳ ಮ್ಯಾನ್‌ಹೋಲುಗಳ ಕಡೆಗೆ ಹೋಗುತ್ತದೆ. ಕೇಬಲ್ಲಿನ ಗುಂಡಿಗೂ ಮಲದ ಗುಂಡಿಗೂ ಮೇಲಿನ ಮುಚ್ಚಳ ಒಂದೇ ಬಗೆಯದು. ಮೊದಲನೆಯದಕ್ಕೆ ಕೋಲು, ಗಾಳಿಯ ಯಂತ್ರ, ಕ್ಯಾಮೆರಾ ಎಲ್ಲವನ್ನೂ ಒದಗಿಸಿದ ನಾವು, ಎರಡನೆಯದಕ್ಕೆ ಬಹುಕಾಲ ಮನುಷ್ಯನನ್ನೇ ಇಳಿಸಿದೆವು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನುಗಳು 1993ರಲ್ಲಿ, ಮತ್ತೆ 2013ರಲ್ಲಿ ಆದವು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಆದೇಶಿಸಿದ ಸರ್ವೋಚ್ಚ ನ್ಯಾಯಾಲಯ, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಬೇಕಾಯಿತು. ಏರಿಸಬೇಕಾಯಿತೆಂದರೆ ಸಾವುಗಳು ನಿಂತಿರಲಿಲ್ಲ ಎಂದೇ ಅರ್ಥ. ಇಂಗ್ಲೆಂಡಿನ ಆ 72 ವರ್ಷಗಳನ್ನು ಓದಿ ನಾವು ಪರದೇಶದ ಕ್ರೌರ್ಯವೆಂದು ನಿಟ್ಟುಸಿರು ಬಿಡುವಂತಿಲ್ಲ. ಸಲಕರಣೆ ಸಿದ್ಧವಾಗಿಯೂ ಮನಸ್ಸು ಸಿದ್ಧವಾಗದಿರುವ ಅವಧಿ ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ಇದೆ. ನಮ್ಮದನ್ನು ನಾವು ಎಣಿಸಬೇಕು.

ತಂತಿಯ ಕಸುಬಿನಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಕೊಳವೆಯೊಳಗೆ ಕೇಬಲ್ ಎಳೆಯುವಾಗ ಬಲ್ಲ ಕೆಲಸಗಾರ ಅದರ ಜೊತೆಗೆ ಒಂದು ಬರಿಯ ದಾರವನ್ನೂ ಎಳೆದು ಒಳಗೇ ಬಿಟ್ಟು ಹೋಗುತ್ತಾನೆ. ಅದರಿಂದ ಅವನಿಗೆ ಯಾವ ಲಾಭವೂ ಇಲ್ಲ. ಹತ್ತು ವರ್ಷಗಳ ಮೇಲೆ ಇನ್ನೊಂದು ತಂತಿ ಹಾಯಿಸಲು ಬರುವ, ಇವನು ಎಂದೂ ಕಾಣದ ಇನ್ನೊಬ್ಬನಿಗಾಗಿ ಆ ದಾರ ಅಲ್ಲಿ ಕತ್ತಲೆಯಲ್ಲಿ ಕಾದಿರುತ್ತದೆ. ಅವನು ಬಂದು ಪೆಟ್ಟಿಗೆಯ ಮುಚ್ಚಳ ತೆಗೆದು ದಾರದ ತುದಿಯನ್ನು ಕಂಡಾಗ, ತನಗಿಂತ ಮೊದಲು ಇಲ್ಲಿ ಕೆಲಸ ಮಾಡಿದವನು ತನ್ನನ್ನು ನೆನೆದಿದ್ದನೆಂದು ಅರಿಯುತ್ತಾನೆ. ಹೊಸ ತಂತಿಯನ್ನು ಎಳೆದು, ಮತ್ತೊಂದು ದಾರವನ್ನು ಬಿಟ್ಟು, ಮುಚ್ಚಳ ಹಾಕಿ ಹೋಗುತ್ತಾನೆ.