ನಾಲೆದೋಣಿಯ ಉದ್ದವೂ ಅದರ ಘೋಷಿತ ಅಳತೆಯೂ

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆಯಿಂದ ಹೊರಟ ನಾಲೆಯು ಬಾಗೂರು-ನವಿಲೆ ಸುರಂಗವನ್ನು ಹಾದು, ಗುಬ್ಬಿ, ತುಮಕೂರು, ಕುಣಿಗಲ್ ಸೀಮೆಗಳ ಕಡೆಗೆ ನೀರನ್ನು ಒಯ್ಯುವಂತೆ ಯೋಜಿತವಾದುದು. ಈ ನಾಲೆಯ ಮೇಲೆ ದೋಣಿ ಸಾಗುವುದಿಲ್ಲ. ದೋಣಿಗಾಗಿ ಅದನ್ನು ತೋಡಿದುದೂ ಅಲ್ಲ. ಸರದಿಯ ಮೇಲೆ ಹರಿದು ನಿಲ್ಲುವ ನೀರು ದೋಣಿಗೆ ಒಗ್ಗುವುದಿಲ್ಲ. ಆದುದರಿಂದ ನಾಲೆಯ ದೋಣಿಯನ್ನು ಅಳೆಯುವುದು, ಅದನ್ನು ಉದ್ದಗೊಳಿಸುವುದು, ಉದ್ದಗೊಳಿಸಿದ ಅಳತೆಯನ್ನು ಅಧಿಕಾರಿಗೆ ಘೋಷಿಸಿ ಅನುಮತಿ ಪಡೆಯುವುದು ಎಂಬ ವಿಷಯವು ನಮ್ಮ ಸೀಮೆಯ ಓದುಗರಿಗೆ ದೂರದ್ದಾಗಿ ತೋರಬಹುದು. ಆದರೂ ಇದನ್ನು ನಾವು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಒಂದು ವಸ್ತುವಿನ ‘ಅಳತೆ’ ಎಂದು ಸರಕಾರದ ಕಡತದಲ್ಲಿ ಬರೆದಿರುವುದು ವಸ್ತುವಿನ ಯಾವ ಗುಣವನ್ನು ಹೇಳುತ್ತದೆ ಎಂಬ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗೆ ಹೆಜ್ಜೆಹೆಜ್ಜೆಗೂ ಎದುರಾಗತಕ್ಕದ್ದು. ನಾಲೆದೋಣಿಯಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ.

ನಾಲೆಯಲ್ಲಿ ಸರಕು ಸಾಗಬೇಕೆಂಬ ಕನಸು ನಮ್ಮ ನಾಡಿನ ಅಂಚಿನವರೆಗೆ ಬಂದಿತ್ತು. ಸರ್ ಆರ್ಥರ್ ಕಾಟನ್ನನ ಪ್ರೇರಣೆಯಿಂದ ಮದರಾಸು ನೀರಾವರಿ ಮತ್ತು ನಾಲೆ ಕಂಪೆನಿಯು ತುಂಗಭದ್ರೆಗೆ ಸುಂಕೇಸುಲದಲ್ಲಿ ಅಡ್ಡಗಟ್ಟೆ ಹಾಕಿ, ಕರ್ನೂಲಿನಿಂದ ಕಡಪೆಯ ಕಡೆಗೆ ತೋಡಿದ ನಾಲೆಯು ಬೇಸಾಯಕ್ಕೂ ದೋಣಿ ಸಂಚಾರಕ್ಕೂ ಒಟ್ಟಿಗೆ ಉದ್ದೇಶಿತವಾಗಿತ್ತು. ಕಂಪೆನಿಗೆ ಅದರಿಂದ ಲಾಭ ದೊರೆಯಲಿಲ್ಲ. 1882ರಲ್ಲಿ ಸರಕಾರವೇ ಅದನ್ನು ಕೊಂಡುಕೊಂಡಿತು. ಮದರಾಸಿನ ಕರಾವಳಿಯಲ್ಲಿ 1806ರಷ್ಟು ಹಿಂದೆಯೇ ಆರಂಭವಾದ ನಾಲೆಯನ್ನು 1876-78ರ ಮಹಾಕ್ಷಾಮದ ಪರಿಹಾರ ಕಾಮಗಾರಿಯಾಗಿ ಮುಂದುವರಿಸಿ, ಅಂದಿನ ಗವರ್ನರನ ಹೆಸರಿನಿಂದ ಬಕಿಂಗ್‌ಹ್ಯಾಂ ನಾಲೆ ಎಂದು ಕರೆದರು. ಉಪ್ಪು, ಸೌದೆಗಳ ದೋಣಿಗಳು ಅದರಲ್ಲಿ ಬಹುಕಾಲ ಓಡಾಡಿದವು. ಅದೇ ಕ್ಷಾಮದಲ್ಲಿ ಮೈಸೂರು ಸೀಮೆ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಆದರೆ ಮೈಸೂರು ಆರಿಸಿಕೊಂಡ ಉತ್ತರ ನಾಲೆಯಲ್ಲ, ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜಿನ ಹಳಿ ತಲುಪಿತು. ಬಳಿಕ ಅದು ಗುಬ್ಬಿ, ತಿಪಟೂರುಗಳ ಮಾರ್ಗವಾಗಿ ಹರಿಹರದ ಕಡೆಗೆ ಮುಂದುವರಿಯಿತು. ರೈಲಿಗಿಂತ ನಾಲೆಯೇ ಅಗ್ಗವೆಂದು 1878ರಲ್ಲಿಯೂ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದ ಕಾಟನ್ನನ ಪಕ್ಷ ಇಲ್ಲಿ ಸೋತಿತೆಂದೇ ಹೇಳಬೇಕು. ಮೈಸೂರಿನ ಮಟ್ಟಿಗೆ ಅದು ತಪ್ಪು ನಿರ್ಣಯವಾಗಿತ್ತೆಂದು ನಮಗೆ ತೋರುವುದಿಲ್ಲ. ಏರುತಗ್ಗುಗಳ ಈ ಪ್ರಸ್ಥಭೂಮಿಯಲ್ಲಿ ದೋಣಿಗೆ ಬೇಕಾದ ಮಟ್ಟದ ನೀರನ್ನು ವರ್ಷವಿಡೀ ನಿಲ್ಲಿಸುವುದು ಸುಲಭವಲ್ಲ.

ದೋಣಿ ಸಾಗುವ ನಾಲೆಯುಳ್ಳ ಕಡೆ ದೋಣಿಗೆ ಕಾಯಿದೆಯೂ ಬಂದಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1890ರಲ್ಲಿ, ಅಲ್ಲಿಯ ಸರಕಾರವು ನಾಲೆಗಳನ್ನೂ ಸಾರ್ವಜನಿಕ ಕಡವುಗಳನ್ನೂ ಕುರಿತು ಕಾಯಿದೆ ಮಾಡಿ, ದೋಣಿಗಳಿಗೆ ಲೈಸೆನ್ಸು ಕೊಡುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಇಂಥ ವ್ಯವಸ್ಥೆಯ ತರ್ಕವನ್ನು ತಿಳಿಯಬೇಕಾದರೆ ಅದು ಪೂರ್ಣವಾಗಿ ಬೆಳೆದ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ.

ಇಂಗ್ಲೆಂಡಿನ ಮಧ್ಯಭಾಗದ ನಾಲೆಗಳಲ್ಲಿ ದೋಣಿಯ ಆಕಾರವನ್ನು ಮೊದಲು ನಿರ್ಧರಿಸಿದುದು ಕಾಯಿದೆಯಲ್ಲ, ಕಲ್ಲು. ದೋಣಿ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಳಿಯಲು ಎರಡೂ ತುದಿಗೆ ಬಾಗಿಲುಳ್ಳ ಕಲ್ಲಿನ ತೊಟ್ಟಿಯನ್ನು ಕಟ್ಟುತ್ತಿದ್ದರು. ಇದಕ್ಕೆ ಲಾಕು ಎಂದು ಹೆಸರು. ಜೇಮ್ಸ್ ಬ್ರಿಂಡ್ಲಿಯ ಕಾಲದಲ್ಲಿ, ಎಂದರೆ 1760ರ ದಶಕದ ಕೊನೆಯ ಹೊತ್ತಿಗೆ, ಈ ತೊಟ್ಟಿಯ ಅಳತೆ ಸುಮಾರು 72 ಅಡಿ ಉದ್ದ, 7 ಅಡಿ ಅಗಲ ಎಂದು ನೆಲೆಗೊಂಡಿತು. ಅಗಲವನ್ನು ಹೆಚ್ಚಿಸುವಂತಿಲ್ಲ, ಆಳವನ್ನು ನಾಲೆಯ ತಳ ಬಿಡುವುದಿಲ್ಲ. ಹೆಚ್ಚು ಸರಕು ಹೇರಬೇಕೆಂಬ ದೋಣಿಯವನಿಗೆ ಉಳಿದ ದಾರಿ ಉದ್ದವೊಂದೇ. 60 ಅಡಿಯ ದೋಣಿಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳನ್ನು ದೂರ ಸರಿಸಿ, ನಡುವಣ ತೆರಪಿಗೆ 10 ಅಡಿಯ ಹೊಸ ಒಡಲನ್ನು ಕೂಡಿಸಿದರೆ ಮೂತಿಯೂ ಹಿಂಗೋಣೂ ಇದ್ದಂತೆಯೇ ಇದ್ದು ಹೊಟ್ಟೆ ಮಾತ್ರ ಬೆಳೆಯುತ್ತದೆ. ಮರದ ದೋಣಿಯಲ್ಲಿ ಇದು ಬಡಗಿಗೆ ಕಷ್ಟದ ಕೆಲಸ. ಕಬ್ಬಿಣ, ಉಕ್ಕುಗಳು ಬಂದ ಮೇಲೆ ಹಗುರವಾಯಿತು. (ನಮ್ಮ ಹರಿಗೋಲಿಗೆ ಈ ಚಿಕಿತ್ಸೆ ಸಲ್ಲದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ, ದುಂಡಾದುದಕ್ಕೆ ಉದ್ದವೆಲ್ಲಿಯದು?)

ಇನ್ನು ಸುಂಕದ ಮಾತು. ನಾಲೆಯ ಕಂಪೆನಿಗಳು ಟನ್ನಿಗೆ, ಮೈಲಿಗೆ ಇಷ್ಟೆಂದು ಸುಂಕ ವಸೂಲು ಮಾಡುತ್ತಿದ್ದವು. ದಾರಿಯಲ್ಲಿ ಪ್ರತಿಯೊಂದು ದೋಣಿಯ ಸರಕನ್ನೂ ಇಳಿಸಿ ತೂಗುವುದು ಅಸಾಧ್ಯ. ಆದಕಾರಣ ಪ್ರತಿಯೊಂದು ದೋಣಿಯನ್ನೂ ಒಮ್ಮೆ ಅಳತೆಕಟ್ಟೆಗೆ ತಂದು, ಖಾಲಿಯಾಗಿದ್ದಾಗ ಅದರ ಅಂಚು ನೀರಿನಿಂದ ಎಷ್ಟು ಅಂಗುಲ ಮೇಲಿರುವುದೆಂದು ನೋಡಿ, ತಿಳಿದ ತೂಕದ ಕಲ್ಲುಗಳನ್ನು ಒಂದೊಂದು ಟನ್ನಿನಂತೆ ಹೇರುತ್ತ, ಒಂದೊಂದು ಟನ್ನಿಗೂ ಅಂಚು ಎಷ್ಟು ಇಳಿಯಿತೆಂಬುದನ್ನು ಕೋಷ್ಟಕವಾಗಿ ಬರೆದಿಡುತ್ತಿದ್ದರು. ಅನಂತರ ಸುಂಕದ ಗುಮಾಸ್ತೆಯು ದೋಣಿಯ ನಾಲ್ಕು ಕಡೆ ಅಳತೆಕೋಲು ಇಟ್ಟು, ಸರಾಸರಿ ತೆಗೆದು, ಆ ದೋಣಿಯ ಕೋಷ್ಟಕವನ್ನು ತೆರೆದರೆ ಸರಕಿನ ತೂಕ ತಾನಾಗಿ ದೊರೆಯುತ್ತಿತ್ತು. ಆರ್ಕಿಮಿಡೀಸನ ನಿಯಮವನ್ನು ಗುಮಾಸ್ತೆಯ ಕೈಗೆ ಕೊಟ್ಟ ಈ ಉಪಾಯ ನಿಜಕ್ಕೂ ಮೆಚ್ಚತಕ್ಕದ್ದು.

ಆದರೆ ಕೋಷ್ಟಕವು ಸತ್ಯವಾಗಿರುವುದು ದೋಣಿ ಬದಲಾಗದಿರುವ ತನಕ ಮಾತ್ರ. ಮೇಲೆ ಹೇಳಿದ 60 ಅಡಿಯ ದೋಣಿಯನ್ನೇ ತೆಗೆದುಕೊಳ್ಳೋಣ. ತುದಿಗಳ ಮೊನಚನ್ನು ಲೆಕ್ಕಕ್ಕೆ ಹಿಡಿಯದೆ, ಅದನ್ನು 7 ಅಡಿ ಅಗಲದ ಪೆಟ್ಟಿಗೆಯೆಂದು ಭಾವಿಸಿದರೆ, ಅದು ಒಂದು ಅಂಗುಲ ಮುಳುಗಿದಾಗ 35 ಘನ ಅಡಿ ನೀರು ಸರಿಯುತ್ತದೆ. ಅದರ ತೂಕ ಸುಮಾರು 0.975 ಟನ್ನು. 70 ಅಡಿಗೆ ಬೆಳೆಸಿದ ಮೇಲೆ ಅದೇ ಒಂದು ಅಂಗುಲಕ್ಕೆ ಸುಮಾರು 1.14 ಟನ್ನು. ಖಾಲಿಯ ಮಟ್ಟದಿಂದ 20 ಅಂಗುಲ ಮುಳುಗುವಂತೆ ಹೇರಿದಾಗ ಹಳೆಯ ಕೋಷ್ಟಕ 19½ ಟನ್ನು ಎನ್ನುತ್ತದೆ. ದೋಣಿಯಲ್ಲಿರುವುದು 22¾ ಟನ್ನು. ಹೊಸ ಉದ್ದವನ್ನು ಘೋಷಿಸದೆ ಉಳಿದವನಿಗೆ ಪ್ರತಿ ಪ್ರಯಾಣದಲ್ಲಿಯೂ 3¼ ಟನ್ನಿನ ಸುಂಕ ಉಳಿಯಿತು. ಉದ್ದಗೊಳಿಸಿದ ದೋಣಿಯನ್ನು ಮತ್ತೆ ಅಳತೆಕಟ್ಟೆಗೆ ತರಬೇಕೆಂಬ ಕಟ್ಟುನಿಟ್ಟಿನ ಅರ್ಥ ಇದು.

ಇದುವರೆಗೆ ಅಳತೆಯು ಹಣದ ಪ್ರಶ್ನೆ. ಅದು ಮನುಷ್ಯರ ಪ್ರಶ್ನೆಯೂ ಆದುದು ರೈಲಿನ ಪೈಪೋಟಿ ಬಂದ ಮೇಲೆ. ಬಾಡಿಗೆ ಇಳಿದಾಗ ದೋಣಿಯವನು ಆಳುಗಳ ಕೂಲಿಯನ್ನು ಉಳಿಸಲು ಹೆಂಡತಿ ಮಕ್ಕಳನ್ನು ದೋಣಿಗೆ ಕರೆತಂದನು. ದಡದ ಮನೆ ತಪ್ಪಿ ಹಿಂಬದಿಯ ಗೂಡೇ ಮನೆಯಾಯಿತು. ಇಟ್ಟಿಗೆಗೂಡುಗಳ ಮಕ್ಕಳಿಗಾಗಿ ಹೋರಾಡಿದ್ದ ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ತನು ಈ ಕುಟುಂಬಗಳ ಸ್ಥಿತಿಯನ್ನೂ ಜನರ ಮುಂದಿಟ್ಟನು. ಅದರ ಫಲವಾಗಿ 1877ರಲ್ಲಿ ನಾಲೆದೋಣಿಗಳ ಕಾಯಿದೆ ಬಂದಿತು. ಜಾರಿಯಲ್ಲಿ ಸಡಿಲವಾಗಿದ್ದ ಅದನ್ನು 1884ರಲ್ಲಿ ಬಿಗಿಗೊಳಿಸಿದರು. ವಾಸದ ದೋಣಿಯನ್ನು ಸ್ಥಳೀಯ ಅಧಿಕಾರಿಗಳಲ್ಲಿ ನೋಂದಾಯಿಸಬೇಕು. ಎಷ್ಟು ಜನ, ಯಾವ ವಯಸ್ಸಿನವರು, ಗಂಡಸರೋ ಹೆಂಗಸರೋ ಎಂಬುದು ಪತ್ರದಲ್ಲಿರಬೇಕು. ನಿಯಮಗಳ ಪ್ರಕಾರ 12 ವರ್ಷ ಮೀರಿದವರಿಗೆ ತಲಾ 60 ಘನ ಅಡಿ, ಅದಕ್ಕಿಂತ ಚಿಕ್ಕವರಿಗೆ 40 ಘನ ಅಡಿ ಗಾಳಿ. ಹೊಸ ದೋಣಿಯ ಹಿಂಬದಿಯ ಗೂಡು 180 ಘನ ಅಡಿಗೆ ಕಡಿಮೆಯಿರಬಾರದು. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು ಎಂದರೆ 200 ಘನ ಅಡಿ ಬೇಕು. ಅಂದರೆ ಕನಿಷ್ಠ ಅಳತೆಯ ಗೂಡಿನಲ್ಲಿ ಎರಡನೆಯ ಮಗುವಿಗೆ ಕಾಯಿದೆಯ ಉಸಿರು ಇರಲಿಲ್ಲ.

ಉದ್ದಗೊಳಿಸಿದ ದೋಣಿಯ ನಿಜವಾದ ಸ್ವಾರಸ್ಯ ಇಲ್ಲಿದೆ. ನಡುವೆ ಕೂಡಿಸಿದ 10 ಅಡಿ ಪೂರ್ತಿಯಾಗಿ ಸರಕಿಗೆ ಸಲ್ಲುತ್ತದೆ. ಗೂಡು ಒಂದು ಅಂಗುಲವೂ ಬೆಳೆಯುವುದಿಲ್ಲ. ಲಾಕಿನ ಕಾವಲುಗಾರನಿಗೆ ಅದು ದೊಡ್ಡ ದೋಣಿ, ಸುಂಕದವನಿಗೆ ಇನ್ನೂ ದೊಡ್ಡದು, ಆರೋಗ್ಯಾಧಿಕಾರಿಗೆ ಮೊದಲಿದ್ದ ದೋಣಿಯೇ. ಮಕ್ಕಳು ನಿದ್ರಿಸುವ ಜಾಗವನ್ನು ಹಿಗ್ಗಿಸಬೇಕಾದರೆ ಸರಕಿನ ಜಾಗವನ್ನು ಕಡಿಯಬೇಕು. ದೋಣಿಯನ್ನು ಉದ್ದ ಮಾಡಿದುದು ಅದಕ್ಕಾಗಿ ಅಲ್ಲವಷ್ಟೆ. ನಮ್ಮ ಅಭಿಪ್ರಾಯದಲ್ಲಿ, ನಾಲೆಯ ಸಾಮಾಜಿಕ ಇತಿಹಾಸವನ್ನು ಸುಂಕದ ಪುಸ್ತಕಗಳಿಂದ ಮಾತ್ರ ಬರೆದವನು ವ್ಯಾಪಾರ ಬೆಳೆದುದನ್ನು ಕಾಣುವನೇ ಹೊರತು ಮನೆ ಬೆಳೆಯದಿದ್ದುದನ್ನು ಕಾಣಲಾರನು.

ನಮ್ಮ ಪ್ರಾಚೀನರು ಈ ಗಂಟನ್ನು ಬೇರೆ ಕಡೆಯಿಂದ ಹಿಡಿದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನ ಪ್ರಕರಣವುಂಟು. ಅಲ್ಲಿ ಕಡವಿನ ಕೂಲಿಯು ದೋಣಿಯ ಅಳತೆಯನ್ನು ಅನುಸರಿಸಿದುದಲ್ಲ, ದಾಟುವವರನ್ನೂ ಹೊರೆಯನ್ನೂ ಅನುಸರಿಸಿದುದು: ಹೊರೆ ಹಿಡಿದ ಮನುಷ್ಯನಿಗೆ ಒಂದು ಮಾಷ, ತಲೆಹೊರೆಗೂ ಹಸುವಿಗೂ ಕುದುರೆಗೂ ಎರಡು, ಒಂಟೆಗೂ ಎಮ್ಮೆಗೂ ನಾಲ್ಕು. ಆಳುಗಳಾಗಲಿ ಸಲಕರಣೆಗಳಾಗಲಿ ಸಾಲದೆ, ಇಲ್ಲವೆ ದುರಸ್ತಿಯಿಲ್ಲದೆ, ದೋಣಿ ಕೆಟ್ಟರೆ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕೆಂದೂ ಅಲ್ಲಿ ವಿಧಿಸಿದೆ. ದೋಣಿಯ ಒಡೆಯನಿಂದ ಘೋಷಣೆ ಪಡೆದು ಹೊಣೆಯನ್ನು ಅವನಿಗೇ ಬಿಡುವ ಲೈಸೆನ್ಸಿನ ಪದ್ಧತಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು.

ಇಂಥ ಬಹುಮುಖವಾದ ಅಳತೆ ನಮ್ಮ ಜಿಲ್ಲೆಯ ಕಡತಗಳಿಗೂ ಹೊಸತಲ್ಲ. ಮೈಸೂರಿನಲ್ಲಿ ಹೊಲಗದ್ದೆಗಳನ್ನು ಬೀಜವರಿಯಿಂದ, ಎಂದರೆ ಬಿತ್ತಲು ಬೇಕಾದ ಬೀಜದ ಪ್ರಮಾಣದಿಂದ, ಹೇಳುತ್ತಿದ್ದರು. 1863ರಲ್ಲಿ ರೆವಿನ್ಯೂ ಸರ್ವೆ ಆರಂಭವಾದ ಬಳಿಕ ಎಕರೆ, ಗುಂಟೆಗಳು ಬಂದವು. ಬೀಜವರಿಯ ಒಂದು ಖಂಡುಗ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ವಿಸ್ತಾರ, ಮಳೆಯನ್ನು ನಂಬಿದ ಹೊಲದಲ್ಲಿ ಮತ್ತೊಂದು. ಕುಣಿಗಲ್ಲಿನ ಕೆರೆಯ ಕೆಳಗಣ ಗದ್ದೆಯ ಖಂಡುಗವನ್ನು ಗುಬ್ಬಿಯ ಕೆಬ್ಬೆಹೊಲದ ಖಂಡುಗದೊಡನೆ ನೇರವಾಗಿ ಕೂಡಿಸಿ ಮೊತ್ತ ಬರೆಯುವವನು, ಗೂಡಿನ ಘನ ಅಡಿಗೆ ಸರಕಿನ ಟನ್ನನ್ನು ಕೂಡಿಸಿದವನಂತಾಗುತ್ತಾನೆ.

ಅಳತೆ ಯಾವುದರದೆಂಬ ವಾದ ಇಂಗ್ಲೆಂಡಿನ ನಾಲೆಗಳಲ್ಲಿ ಇಂದಿಗೂ ಮುಗಿದಿಲ್ಲ. ಸರಕಿನ ಸಾಗಾಣಿಕೆ ಬಹುಮಟ್ಟಿಗೆ ನಿಂತು ವಿಹಾರದ ಮತ್ತು ವಾಸದ ದೋಣಿಗಳು ಉಳಿದ ಮೇಲೆ ಟನ್ನಿನ ಕೋಷ್ಟಕ ಮೂಲೆಗೆ ಬಿದ್ದು, ಲೈಸೆನ್ಸಿನ ಶುಲ್ಕ ಉದ್ದವನ್ನೇ ಅವಲಂಬಿಸಿತು. ದೋಣಿಯನ್ನು ಉದ್ದಗೊಳಿಸಿದವನು ಹೊಸ ಉದ್ದವನ್ನು ತಿಳಿಸಿ ಹೆಚ್ಚಿನ ಶುಲ್ಕ ತೆರಬೇಕು. 2020ರಿಂದ ಅಗಲವಾದ ದೋಣಿಗಳಿಗೆ ಅಗಲದ ಮೇಲೂ ಅಧಿಕ ಶುಲ್ಕ ಬಿದ್ದಿತು. ಭಾರತದಲ್ಲಿ ಯಂತ್ರಚಾಲಿತ ಒಳನಾಡು ನೌಕೆಗಳಿಗೆ 1917ರ ಕಾಯಿದೆಯು ತಪಾಸಣೆ, ನೋಂದಣಿಗಳನ್ನು ವಿಧಿಸಿತ್ತು. 2021ರ ಒಳನಾಡು ನೌಕೆಗಳ ಕಾಯಿದೆ ಅದರ ಸ್ಥಾನಕ್ಕೆ ಬಂದಿದೆ. ನೋಂದಾಯಿತ ನೌಕೆಯ ಮೈಕಟ್ಟನ್ನು ಮಾರ್ಪಡಿಸಿದರೆ ಆ ಮಾರ್ಪಾಟನ್ನೂ ನೋಂದಾಯಿಸಬೇಕೆಂಬುದು ಎರಡರಲ್ಲಿಯೂ ಉಂಟು.